ಸೋಲಾರ್ ಪ್ಯಾನಲ್ ಅಡಿಯ ಪಾರಿವಾಳ



ಚೇಳೂರಿನ ತಾರಸಿಗಳಿಗೂ ಸೋಲಾರ್ ಬರುತ್ತಿದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಪ್ಯಾನಲ್ ಬಂದ ಹಿಂದೆಯೇ ಪಾರಿವಾಳವೂ ಬರುತ್ತದೆ; ಅದರಡಿಯ ನೆರಳು ಗೂಡಿಗೆ ಹೇಳಿಮಾಡಿಸಿದ ಜಾಗ.

ಹಿಕ್ಕೆ ಸಣ್ಣದೆಂದು ಬಿಡಬೇಡಿ. ಪ್ಯಾನಲ್ಲಿನ ಸೆಲ್‌ಗಳು ಸರಪಳಿಯಂತೆ ಜೋಡಿಸಿದವು. ಒಂದು ಸೆಲ್ ಪೂರ್ತಿ ಮುಚ್ಚಿದರೆ ಆ ಪ್ಯಾನಲ್ಲಿನ ಮೂರನೇ ಒಂದು ಭಾಗದ ಕರೆಂಟೇ ನಿಲ್ಲಬಹುದು. ಸೆಲ್ ಕಾದು ಸುಡಲೂಬಹುದು.

ಅಂಟು ಹಚ್ಚೋಣವೇ, ವಿಷದ ಕಾಳು ಹಾಕೋಣವೇ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ಅದಕ್ಕೆ ಕಾಗೆ, ಗುಬ್ಬಿಯೂ ಬಲಿ. ಗುಬ್ಬಿ ತಾಲ್ಲೂಕಿನವರೇ ಗುಬ್ಬಿ ಕೊಂದರೆ ಹೇಗೆ! ಪ್ಲಾಸ್ಟಿಕ್ ಗೂಬೆಗೆ ಪಾರಿವಾಳ ಬೇಗ ಒಗ್ಗಿಕೊಳ್ಳುತ್ತದೆ, ದುಡ್ಡು ದಂಡ. ಪ್ಯಾನಲ್ ಸುತ್ತ ಅರ್ಧ ಇಂಚು ಕಣ್ಣಿನ ಜಿಐ ಜಾಲರಿಯನ್ನು ಕ್ಲಿಪ್ ಹಾಕಿ ಕಟ್ಟಿಸಿ. ಚೌಕಟ್ಟಿಗೆ ತೂತು ಕೊರೆಸಿದರೆ ವಾರಂಟಿಗೆ ಕುತ್ತು. ತಗಡು ಬೇಡ, ಅಡಿಯಲ್ಲಿ ಗಾಳಿಯಾಡಬೇಕು.

ಒಳಗೆ ಮೊಟ್ಟೆಯಿದ್ದರೆ? ಕಾವು ಸುಮಾರು 18 ದಿನ, ಮರಿ ಹಾರಲು ಇನ್ನೊಂದು ತಿಂಗಳು. ಅಲ್ಲಿಯವರೆಗೆ ನಾಲ್ಕು ಯೂನಿಟ್ ಹೋದರೆ ಹೋಗಲಿ. ತಾಯಿಯನ್ನು ಹೊರಗಿಟ್ಟು ಮರಿಯ ಮೇಲೆ ಜಾಲರಿ ಬಿಗಿಯಬಾರದು. ಮರಿ ಹಾರಿದೊಡನೆ ಗೂಡು ತೆಗೆದು, ಮತ್ತೆ ಮೊಟ್ಟೆಯಿಡುವ ಮೊದಲು ಕಟ್ಟಿಸಿ. ಒಣ ಹಿಕ್ಕೆ ಕೆರೆಯಬೇಡಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಬಟ್ಟೆ ಕಟ್ಟಿ, ಬೆಳಗಿನ ತಂಪಿನಲ್ಲಿ ನೆನೆಸಿ ತೊಳೆಯಿರಿ.