ಹತ್ತನೆಯ ತರಗತಿಯ ಆಚೆ ದಾರಿ ತೋರುವವರಾರು?

(ಹಗರಿಬೊಮ್ಮನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿ ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ,

ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಬಂದು "ಅಪ್ಪಾ, ಮುಂದೇನು?" ಎಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ಉತ್ತರ ಗೊತ್ತು? ವಕೀಲರ ಮಗನಿಗೆ ಮನೆಯಲ್ಲೇ ಹೇಳುವವರಿದ್ದಾರೆ. ಹಮಾಲರ ಮಗಳಿಗೆ ಯಾರಿದ್ದಾರೆ?

ಹಕ್ಕೇನೋ ಇದೆ. ಸಂವಿಧಾನದ 371(ಜೆ) ವಿಧಿಯಂತೆ 2013ರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಈ ಭಾಗದ ಮಕ್ಕಳಿಗೆ ಮೀಸಲು. ಇಂದು ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮ ಈ ಊರು ಎಲ್ಲವೂ ಅದರೊಳಗೇ ಇವೆ. ಆದರೆ ಉಪವಿಭಾಗಾಧಿಕಾರಿಯ ಅರ್ಹತಾ ಪತ್ರ ಕೈಯಲ್ಲಿಲ್ಲದಿದ್ದರೆ ಆ ಹಕ್ಕು ಕಾಗದದ ಮೇಲೆಯೇ ಉಳಿಯಿತು. ನಾವೋ, ಪ್ರವೇಶದ ವಾರ ಬಂದಾಗ ಕಚೇರಿಗೆ ಓಡುವವರು. ದಿನದ ಕೂಲಿಯೂ ಹೋಯಿತು, ಸೀಟೂ ಹೋಯಿತು.

ಎಂಟನೆಯ ತರಗತಿಯಲ್ಲೇ ಎನ್.ಎಂ.ಎಂ.ಎಸ್. ಪರೀಕ್ಷೆಯಿದೆ. ಆಯ್ಕೆಯಾದ ಬಡ ಮಗುವಿಗೆ ಒಂಬತ್ತರಿಂದ ಪಿ.ಯು. ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಹೆಸರು ಕೇಳಿದವರು ಕೈ ಎತ್ತಿ ನೋಡೋಣ! ಕಂಡಿರಾ?

ಮೇಷ್ಟ್ರುಗಳನ್ನು ಮಾತ್ರ ದೂರಿ ಫಲವಿಲ್ಲ. ಅವರ ತಲೆಯ ಮೇಲೆ ಜನಗಣತಿಯಿಂದ ಚುನಾವಣೆಯವರೆಗೆ ಹೊರೆಯಿದೆ. ನಮ್ಮ ಗಿರಣಿಯ ಫಿಟ್ಟರ್ ಶನಿವಾರ ಒಂದು ತಾಸು ಶಾಲೆಗೆ ಹೋಗಲಿ. ಐ.ಟಿ.ಐ.ಯಲ್ಲಿ ಏನು ಕಲಿಸುತ್ತಾರೆ, 1961ರ ಕಾಯ್ದೆಯಂತೆ ಅಪ್ರೆಂಟಿಸ್‌ಗೆ ಭತ್ಯೆ ಕೊಡಲೇಬೇಕು ಎಂಬುದನ್ನು ಹೇಳಲಿ. ಅಂಗಡಿಯವರು ಕಿರ್ದಿ, ಖಾತೆ ಬರೆಯುವುದನ್ನು ತೋರಿಸಲಿ. ತೋರಿಸಲಿ ಅಷ್ಟೆ, ಶಾಲೆ ಬಿಡಿಸಿ ಹುಡುಗರನ್ನು ದುಡಿಮೆಗೆ ಹಚ್ಚಿದರೆ ನಮ್ಮ ಜಗಳ ನಿಮ್ಮೊಡನೆಯೇ!

ಅರ್ಹತಾ ಪತ್ರದ ಅರ್ಜಿಯನ್ನು ಒಂಬತ್ತನೆಯ ತರಗತಿಯಲ್ಲೇ ಬರೆಸೋಣ. ಬರುವ ಶನಿವಾರ ಯಾರು ಯಾವ ಶಾಲೆಗೆ ಹೋಗುವಿರಿ, ಈಗಲೇ ಹೆಸರು ಹೇಳಿ.