ಸಂತೋಷಕೂಟದ ಆಟಗಳಲ್ಲಿ ಪಂಥದ ಆಯ್ಕೆ

(ಶತಮಾನೋತ್ಸವದ ಆಟಗಳ ಹೊಣೆ ಹೊತ್ತ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದಲ್ಲಿ ಬಲಿಪೂಜೆ, ಮೆರವಣಿಗೆ, ಸನ್ಮಾನಗಳ ಜೊತೆಗೆ ಸಂಜೆಯ ಸಂತೋಷಕೂಟವೂ ಉಂಟು. ಕುರ್ಚಿಯಾಟ, ಹೌಸಿ, ಹಾಡು ನಿಂತಾಗ ಯಾರ ಕೈಯಲ್ಲಿ ಚೆಂಡು ಉಳಿಯಿತೋ ಅವರು ಚೀಟಿ ಎತ್ತುವ ಆಟ, ಇವೆಲ್ಲ ನಿಮಗೆ ಪರಿಚಿತವಾದವು. ಚೀಟಿಯಲ್ಲಿ ಒಂದು ಪಂಥ ಬರೆದಿರುತ್ತದೆ. ಅದನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಅಂತಹ ಪಂಥಗಳನ್ನು ಆರಿಸುವ ಬಗೆಯನ್ನು ಕುರಿತು ಮಾತನಾಡಲು ನನಗೆ ಅಪ್ಪಣೆಯಾಗಿದೆ. ವಿಷಯ ಚಿಕ್ಕದೆಂದು ತೋರಬಹುದು. ಆದರೆ ನೂರು ಜನರ ನಡುವೆ ಒಬ್ಬನನ್ನು ಎಬ್ಬಿಸಿ ನಿಲ್ಲಿಸುವ ಅಧಿಕಾರ ಚಿಕ್ಕದಲ್ಲ. ಅದನ್ನು ಹಗುರವಾಗಿ ಬಳಸಿದರೆ, ಹಬ್ಬಕ್ಕೆಂದು ಬಂದವನು ಮುಂದಿನ ವರ್ಷ ಇಗರ್ಜಿಯ ಅಂಗಳಕ್ಕೆ ಬಾರದೆ ಹೋಗಬಹುದು.

ಆಟವನ್ನು ಧರ್ಮಸಭೆಯ ಹಲವು ಸಂತರು ತುಚ್ಛವಾಗಿ ಕಂಡಿಲ್ಲ. ಸಂತ ತೋಮಸ್ ಅಕ್ವಿನಾಸರು ದೇಹಕ್ಕೆ ನಿದ್ರೆ ಬೇಕಾದಂತೆ ಮನಸ್ಸಿಗೆ ವಿನೋದ ಬೇಕೆಂದು ವಾದಿಸಿ, ಹಿತಮಿತವಾದ ವಿನೋದವನ್ನು ಸದ್ಗುಣಗಳಲ್ಲಿ ಎಣಿಸಿದರು. ಇದಕ್ಕೆ ಅವರು ಸಂತ ಯೊವಾನ್ನರ ಒಂದು ಕಥೆಯನ್ನು ಹೇಳುತ್ತಾರೆ. ಶಿಷ್ಯರೊಡನೆ ಆಟವಾಡುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಯೊವಾನ್ನರು ಅಲ್ಲಿದ್ದ ಬಿಲ್ಲುಗಾರನಿಗೆ ಒಂದರ ಮೇಲೊಂದು ಬಾಣ ಬಿಡಲು ಹೇಳಿ, ಹೀಗೆಯೇ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಸದಾ ಬಗ್ಗಿಸಿಟ್ಟರೆ ಬಿಲ್ಲು ಮುರಿಯುತ್ತದೆ ಎಂದು ಅವನು ಉತ್ತರಿಸಿದ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. 1832ರಲ್ಲಿ ಇಟಲಿಯ ಕಿಯೇರಿ ಪಟ್ಟಣದಲ್ಲಿ ವಿದ್ಯಾರ್ಥಿಯಾಗಿದ್ದ ಸಂತ ಜಾನ್ ಬೋಸ್ಕೊ ಗೆಳೆಯರನ್ನು ಕೂಡಿಸಿ 'ಆನಂದ ಸಂಘ'ವನ್ನು ಕಟ್ಟಿದರು. ಕ್ರೈಸ್ತನಿಗೆ ತಕ್ಕುದಲ್ಲದ ನುಡಿಯಾಗಲಿ ನಡೆಯಾಗಲಿ ಕೂಡದು, ತನ್ನ ಕರ್ತವ್ಯವನ್ನು ಬಿಡಕೂಡದು ಎಂಬುದು ಆ ಸಂಘದ ನಿಯಮ. ನಮ್ಮ ಚೀಟಿಗಳಿಗೂ ಅದೇ ನಿಯಮ ಸಾಕು.

ಪಂಥದ ಅಪಾಯವನ್ನು ಶುಭಸಂದೇಶವೇ ತೋರಿಸಿದೆ. ಹೆರೋದನ ಹುಟ್ಟುಹಬ್ಬದ ಔತಣವನ್ನು ನೆನೆಯಿರಿ. ಕುಣಿದ ಹುಡುಗಿಗೆ ಕೇಳಿದುದನ್ನು ಕೊಡುವೆನೆಂದು ಆತ ಅತಿಥಿಗಳೆದುರು ಆಣೆಯಿಟ್ಟ. ಸ್ನಾನಿಕ ಯೊವಾನ್ನರ ತಲೆಯನ್ನು ಕೇಳಿದಾಗ ಅವನಿಗೆ ಬಹಳ ದುಃಖವಾಯಿತು. ಆದರೂ ಆಣೆಯ ಕಾರಣದಿಂದ, ಅತಿಥಿಗಳ ಮುಖ ನೋಡಿ, ಇಲ್ಲವೆನ್ನಲಾರದೆ ಹೋದ ಎಂದು ಸಂತ ಮಾರ್ಕರು ಬರೆಯುತ್ತಾರೆ. ಕೂಟದ ಕಣ್ಣಿಗೆ ಅಷ್ಟು ಬಲವಿದೆ. ರಾಜನಿಗೇ ಬೇಡವೆನ್ನಲು ಆಗದಿದ್ದರೆ ಹದಿನಾಲ್ಕರ ಹುಡುಗಿಗೆ ಆದೀತೆ? ಇನ್ನೊಂದು ಕಡೆ, ದೇವಾಲಯದ ಶಿಖರದಿಂದ ಧುಮುಕು ಎಂದು ಸೈತಾನನು ಪಂಥ ಕಟ್ಟಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ಪಂಥವನ್ನು ನಿರಾಕರಿಸುವುದು ಹೇಡಿತನವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಕಿಲ್ಲ.

ಆದುದರಿಂದ ಚೀಟಿ ಬರೆಯುವ ಮೊದಲು, ಮುಂದೆ ಕುಳಿತವರು ಯಾರೆಂದು ನೋಡಬೇಕು. ಒಂದು ಗುಂಪಿಗೆ ಒಗ್ಗುವುದು ಇನ್ನೊಂದಕ್ಕೆ ಒಗ್ಗದು.

ಮೊದಲು ಮಕ್ಕಳು. ಅವರಿಗೆ ಮೈ ಆಡಿಸುವ ಪಂಥಗಳೇ ಇಷ್ಟ. ಕೋಳಿಯಂತೆ ಕೂಗುವುದು, ಒಂಟಿ ಕಾಲಿನಲ್ಲಿ ಕಂಬ ಮುಟ್ಟಿ ಬರುವುದು, ತರೀಕೆರೆಯ ಕರಿ ಕುರಿಮರಿಯ ಮಾತನ್ನು ನಾಲಗೆ ತೊಡರದೆ ಮೂರು ಬಾರಿ ಹೇಳುವುದು. ತೀರ ಚಿಕ್ಕವರನ್ನು ಒಂಟಿಯಾಗಿ ಎಬ್ಬಿಸದೆ ಜೋಡಿಯಾಗಿ ಕರೆಯಿರಿ. ಉಸಿರು ಬಿಗಿಹಿಡಿಯುವುದು, ಬಾಯಿಗೆ ತುರುಕುವುದು, ಕತ್ತಲೆಗೆ ಕಳುಹಿಸುವುದು ಬೇಡ.

ತರುಣ ತರುಣಿಯರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅವರು ಗಟ್ಟಿಯಾಗಿ ನಗುತ್ತಾರೆ, ಆದರೆ ಗೇಲಿಗೆ ಅವರಷ್ಟು ಅಂಜುವವರು ಬೇರೆ ಇಲ್ಲ. ಹುಡುಗ ಹುಡುಗಿಯರನ್ನು ಜೋಡಿಸಿ ಹಾಸ್ಯ ಮಾಡುವುದು, ಯಾರ ಮೇಲೆ ಮನಸ್ಸೆಂದು ಕೇಳುವುದು, ಗೆಳೆಯನ ಮೊಬೈಲಿನಿಂದ ಯಾರಿಗೋ ಸಂದೇಶ ಕಳುಹಿಸುವುದು ಇವನ್ನು ಬಿಡಬೇಕು. ಸಮುದ್ರ, ಬಾವಿ, ಮರ, ಮೋಟಾರ್ ಸೈಕಲ್ಲುಗಳು ಚೀಟಿಯೊಳಗೆ ಬರಲೇಬಾರದು. ಅವರ ಜಾಣತನಕ್ಕೆ ಸವಾಲೊಡ್ಡಿರಿ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತಷ್ಟೆ. ಅದನ್ನು ದೆಹಲಿಯವನೊಬ್ಬನಿಗೆ ಒಂದು ನಿಮಿಷದಲ್ಲಿ ಮಾರಿ ತೋರಿಸಲಿ. ಅಂಕೋಲೆ ಬಸ್ ನಿಲ್ದಾಣದ ಕಂಡಕ್ಟರನಂತೆ ಕಾರವಾರ, ಕುಮಟೆಗಳ ಪ್ರಯಾಣಿಕರನ್ನು ಕೂಗಿ ಕರೆಯಲಿ. ಇಬ್ಬರು ಮೂವರಾಗಿ ಮಾಡಿದರೆ ಸಂಕೋಚವೂ ಕಳೆಯುತ್ತದೆ.

ತಾಯಂದಿರು ನಸುಕಿನಲ್ಲೆದ್ದು ಮನೆಗೆಲಸ ಮುಗಿಸಿ ಬಂದವರು. ಅವರನ್ನು ಓಡಿಸಬೇಡಿರಿ. ಮೈಯನ್ನು, ವಯಸ್ಸನ್ನು, ಗಂಡನ ಸಂಬಳವನ್ನು ಕುರಿತ ಪ್ರಶ್ನೆಗಳು ಬೇಡ. ಒಂದೇ ಉಸಿರಿನಲ್ಲಿ ಬಂಗಡೆ, ತಾರ್ಲೆ, ಶೆಟ್ಲಿ ಎಂದು ಹತ್ತು ಮೀನುಗಳ ಹೆಸರು ಹೇಳುವುದು, ಮೀನು ಪೇಟೆಯ ಚೌಕಾಸಿಯನ್ನು ಇಬ್ಬರು ಸೇರಿ ಅಭಿನಯಿಸುವುದು, ಇವುಗಳಲ್ಲಿ ಅವರನ್ನು ಮೀರಿಸುವವರಿಲ್ಲ.

ಹಿರಿಯರನ್ನು ಕುಳಿತಲ್ಲಿಂದ ಎಬ್ಬಿಸಬೇಡಿರಿ. ಅವರ ಪಂಥ ನೆನಪಿನ ಪಂಥವಾಗಲಿ. ಕಾರವಾರಕ್ಕೆ ಬಸ್ಸಿನ ಟಿಕೇಟು ಎಷ್ಟಿತ್ತು? ತಮ್ಮ ಮದುವೆಯ ರೋಸ್ ದಿನ ತೆಂಗಿನ ಹಾಲು ಹಚ್ಚಿದವರಲ್ಲಿ ಮೊದಲಿಗರು ಯಾರು? ಮೊಮ್ಮಗನ ವಯಸ್ಸಿನವನೊಬ್ಬ ಎದುರು ಕುಳಿತು ಕೇಳಲಿ. ಶತಮಾನದ ಚರಿತ್ರೆ ಹೀಗೆ ಆಟದಲ್ಲಿಯೇ ಹೊರಬರುತ್ತದೆ.

ಎಲ್ಲರೂ ಕೂಡಿದ ಕೂಟದಲ್ಲಿ, ಅದರಲ್ಲೂ ನೆರೆಹೊರೆಯ ಅನ್ಯಧರ್ಮೀಯ ಬಂಧುಗಳು ಬಂದಿರುವಾಗ, ಜಾತಿ, ಆಹಾರ, ಆರಾಧನೆಗಳನ್ನು ತಮಾಷೆಗೆ ಎಳೆಯಬಾರದು. ಯಾರ ಉಚ್ಚಾರವನ್ನೂ ಕುಂಟುನಡಿಗೆಯನ್ನೂ ತೊದಲನ್ನೂ ಅಣಕಿಸಬಾರದು.

ಇಲ್ಲಿ ಒಂದು ಪಂಥವನ್ನು ಹೆಸರಿಸಿಯೇ ಹೇಳುತ್ತೇನೆ. 'ಕುಡುಕನಂತೆ ನಡೆದು ತೋರಿಸು' ಎಂಬ ಚೀಟಿ ಅನೇಕ ಕೂಟಗಳಲ್ಲಿ ಕಾಣುತ್ತದೆ, ಜನ ನಗುತ್ತಾರೆ. ಆದರೆ ಇದು ಸುಕ್ರಿ ಬೊಮ್ಮಗೌಡರ ತಾಲೂಕು. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಆ ಹಾಲಕ್ಕಿ ಹಾಡುಗಾರ್ತಿ, ಮದ್ಯವು ಮನೆಗಳನ್ನು ಹಾಳುಮಾಡುವುದನ್ನು ಕಂಡು ಬಡಿಗೇರಿಯಿಂದ ಅದರ ವಿರುದ್ಧ ಹೆಂಗಸರನ್ನು ಎಬ್ಬಿಸಿದವರು. ನಮ್ಮ ಅಂಗಳದಲ್ಲಿಯೂ ತಂದೆಯ ಹೆಜ್ಜೆಯ ಸಪ್ಪಳಕ್ಕೆ ಅಂಜಿ ಮಲಗುವ ಮಗು ಕುಳಿತಿರಬಹುದು. ಆ ನಡಿಗೆ ಅದಕ್ಕೆ ತಮಾಷೆಯಲ್ಲ. ಹಾಗೆಯೇ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು, ಗಂಗಾವಳಿ ಹೊಳೆಯಲ್ಲಿ ಮೃತರನ್ನು ವಾರಗಟ್ಟಲೆ ಹುಡುಕಿದ ಈ ಸೀಮೆಯಲ್ಲಿ, ಮುಳುಗುವವನಂತೆ ನಟಿಸುವ ಚೀಟಿಯೂ ಸಲ್ಲದು. ಊರಿನ ದುಃಖವನ್ನು ಅರಿತವನೇ ಊರನ್ನು ನಗಿಸಬಲ್ಲ.

ಇನ್ನು ನಡೆಸುವ ಕ್ರಮ. ಮಕ್ಕಳು, ತರುಣರು, ದೊಡ್ಡವರು ಎಂದು ಮೂರು ಡಬ್ಬಿಗಳಿರಲಿ. ಇಪ್ಪತ್ತು ಜನರಿಗೆ ಮೂವತ್ತು ಚೀಟಿಗಳಾದರೂ ಇರಲಿ, ಬದಲಿಸಲು ಅನುಕೂಲ. ಒಂದು ಪಂಥ ಒಂದು ನಿಮಿಷ ಮೀರದಿರಲಿ. ಹಿಂದಿನ ದಿನವೇ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ, ಎಲ್ಲ ಚೀಟಿಗಳನ್ನೂ ಓದಿ ನೋಡಲಿ. ಈ ಚೀಟಿ ನನ್ನ ತಾಯಿಗೆ ಬಂದಿದ್ದರೆ ನಾನು ನಗುತ್ತಿದ್ದೆನೆ ಎಂದು ಒಂದೊಂದಕ್ಕೂ ಕೇಳಿಕೊಳ್ಳಲಿ. ಮೊದಲ ಚೀಟಿಯನ್ನು ಆಟ ನಡೆಸುವವನೇ ಎತ್ತಲಿ. ಅರ್ಧ ಗಡ್ಡ ಬೋಳಿಸಿಕೊಂಡು ರೋಮಿನ ಬೀದಿಗೆ ಬಂದ ಸಂತ ಫಿಲಿಪ್ ನೇರಿ ನಗೆಗೆ ಮೊದಲು ಗುರಿಯಾಗಿಸಿದ್ದು ತಮ್ಮನ್ನೇ. ಬೇಡವೆಂದವರಿಗೆ ಕಾರಣ ಕೇಳದೆ ಚೀಟಿ ಬದಲಿಸಿಕೊಡಿರಿ. ಆಗಲೂ ಬೇಡವೆಂದರೆ ಚಪ್ಪಾಳೆ ತಟ್ಟಿ ಕುಳ್ಳಿರಿಸಿರಿ. ಒಪ್ಪಿಗೆಯಿಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ಮೊದಲೇ ನಿಷೇಧಿಸಿರಿ. ಅಂಗಳದ ನಗೆ ಅಂಗಳದಲ್ಲಿಯೇ ಮುಗಿಯುತ್ತದೆ, ವಾಟ್ಸಾಪಿಗೆ ಹೋದದ್ದು ಮುಗಿಯುವುದಿಲ್ಲ.

ಪ್ರಿಯರೇ, ಪಂಥ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದೇ ಅಳತೆಗೋಲು ಸಾಕು. ಎದ್ದು ಹೋದವನು ತನ್ನ ಜಾಗಕ್ಕೆ ಮರಳುವಾಗ ಮೊದಲಿಗಿಂತ ಹೆಚ್ಚು ನಮ್ಮವನಾಗಿ ಮರಳಬೇಕು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ, ಆ ಮನೆಯವರಿಗೆ ಅತಿಥಿಗಳೆದುರು ಅವಮಾನವಾಗದಂತೆ ಮೊದಲು ಗಮನಿಸಿದವರು ಮರಿಯಮ್ಮನವರು. ನಮ್ಮ ಸಂತೋಷಕೂಟದಲ್ಲಿಯೂ ಆ ತಾಯಿಯ ಕಣ್ಣು ನಿಮ್ಮದಾಗಲಿ.