ಪರನಾಡಿನ ಪ್ರಾಂತದ ಕರೆ ಮತ್ತು ನಮ್ಮ ಪಗಾರ ಚೀಟಿ

(ಹರಿಹರದಲ್ಲಿ ಗಿರಣಿ ಹಾಗೂ ಲೇತ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ದಾವಣಗೆರೆಯ ಮಂಡಿಪೇಟೆಯಲ್ಲಿ ಹೋಗಲಿ, ಇಲ್ಲಿ ಹರಿಹರದ ಚಹಾ ಅಂಗಡಿಯಲ್ಲಿ ಕೂರಲಿ, ಈಚೆಗೆ ಒಂದು ಮಾತು ಕಿವಿಗೆ ಬೀಳುತ್ತಿದೆ. ಆಸ್ಟ್ರೇಲಿಯಾದಲ್ಲಿ ಯಾವುದೋ ರಾಜ್ಯ ಸರಕಾರವೇ ನಮ್ಮ ಐಟಿಐ ಹುಡುಗರನ್ನು ನಾಮಿನೇಟ್ ಮಾಡುತ್ತದಂತೆ, ಕೆನಡಾದಲ್ಲಿ ಪ್ರಾಂತದವರೇ ಕರೆಸಿಕೊಳ್ಳುತ್ತಾರಂತೆ, ಇಷ್ಟು ಲಕ್ಷ ಕಟ್ಟಿದರೆ ಆ ಕಾಗದ ಕೈಗೆ ಬರುತ್ತದಂತೆ. ಅಂತೆಕಂತೆಗಳ ಸಂತೆ. ಆದರೆ ಈ ಸಂತೆಯಲ್ಲಿ ಮನೆಪತ್ರ ಗಿರವಿಗೆ ಹೋಗುತ್ತಿದೆ, ಹೆಂಡತಿಯ ಕೊರಳಿನದು ಹೋಗುತ್ತಿದೆ, ಜಾಮೀನಿಗೆ ಸಹಿ ಹಾಕಿದ ಅಂಗಡಿಯವರ ನಿದ್ದೆಯೂ ಹೋಗುತ್ತಿದೆ. ಅದಕ್ಕೇ ಇವತ್ತು ಬೇರೆ ರಾಜಕೀಯ ಬದಿಗಿಟ್ಟು ಈ ಒಂದು ವಿಷಯವನ್ನೇ ಬಿಡಿಸಿ ಹೇಳೋಣವೆಂದು ಬಂದಿದ್ದೇವೆ.

ಮೊದಲು ಒಂದು ಸ್ಪಷ್ಟನೆ. ಹೋಗಬೇಡಿ ಎಂದು ಹೇಳಲು ನಾವು ಬಂದಿಲ್ಲ. 1941ರಲ್ಲಿ ಇದೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಇಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಉದ್ದಗಲಕ್ಕೂ ಹೋದವು. ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಆ ಕೈಗಳನ್ನು ಏನು ಮಾಡಬೇಕೆಂದು ಯಾವ ಸರಕಾರವೂ ಕೇಳಲಿಲ್ಲ. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಸದ್ದಡಗಿದಾಗಲೂ ಯಾರೂ ಕೇಳಲಿಲ್ಲ. ಹೀಗಿರುವಾಗ ಅವರ ಮಕ್ಕಳು ಹೊರದೇಶದ ಹಾದಿ ಹಿಡಿದರೆ ದೇಶಭಕ್ತಿಯ ಉಪದೇಶ ಮಾಡುವ ಹಕ್ಕು ಯಾರಿಗಿದೆ? ಹೋಗುವವನು ಹೋಗಲಿ. ಆದರೆ ಕಣ್ಣು ಬಿಟ್ಟುಕೊಂಡು ಹೋಗಲಿ.

ನಾಮನಿರ್ದೇಶನ ಎಂಬ ಶಬ್ದ ನಮ್ಮೂರಲ್ಲಿ ಗೊತ್ತಿಲ್ಲದವರಿಲ್ಲ. ಚುನಾವಣೆಯಲ್ಲಿ ಗೆಲ್ಲಲಾರದವರನ್ನು ನಗರಸಭೆಗೆ ತಂದು ಕೂರಿಸುವುದಕ್ಕೆ ಆ ಹೆಸರು. ಆದ್ದರಿಂದಲೇ ಜನ ಇದನ್ನೂ ವಶೀಲಿಯ ಬಾಗಿಲೆಂದು ತಿಳಿದು, ಕೀಲಿ ಯಾರ ಹತ್ತಿರ ಇದೆ ಎಂದು ಹುಡುಕುತ್ತಾರೆ. ಅಲ್ಲಿಯದು ಹಾಗಲ್ಲ. ತನ್ನ ಸೀಮೆಯಲ್ಲಿ ಯಾವ ಕಸುಬಿನವರಿಗೆ ಕೊರತೆಯಿದೆ ಎಂದು ಒಂದು ಪ್ರಾಂತ ಸರಕಾರ ಪಟ್ಟಿ ಮಾಡುತ್ತದೆ. ಅರ್ಜಿ ಹಾಕಿದವರಲ್ಲಿ ತನಗೆ ಬೇಕಾದವರನ್ನು ಆರಿಸುತ್ತದೆ. ಇವನು ನಮಗೆ ಬೇಕು ಎಂದು ಕೇಂದ್ರಕ್ಕೆ ಬರೆಯುತ್ತದೆ. ಅಷ್ಟೇ. ವೀಸಾ ಕೊಡುವುದು ಬಿಡುವುದು ಆಮೇಲೂ ಕೇಂದ್ರ ಸರಕಾರದ ಕೈಯಲ್ಲೇ. ವೈದ್ಯರ ತಪಾಸಣೆ, ಪೊಲೀಸ್ ಪ್ರಮಾಣಪತ್ರ ಎಲ್ಲ ಅಲ್ಲಿಯೇ.

ನಮ್ಮ ಸಂವಿಧಾನದಲ್ಲಿ ದೇಶದೊಳಗೆ ಬರುವುದು, ಹೊರಗೆ ಹೋಗುವುದು, ಪಾಸ್‌ಪೋರ್ಟು, ವೀಸಾ ಇವೆಲ್ಲ ಕೇಂದ್ರ ಪಟ್ಟಿಯ 19ನೆಯ ಬಾಬಿನಲ್ಲಿವೆ. ಬೆಂಗಳೂರಿನ ವಿಧಾನಸೌಧ ಇದರಲ್ಲಿ ಏನೂ ಮಾಡಲಾರದು. ಕೆನಡಾದಲ್ಲಿ 1867ರ ಸಂವಿಧಾನ ಕಾಯಿದೆಯ 95ನೆಯ ಕಲಮು ಬೇಸಾಯವನ್ನೂ ವಲಸೆಯನ್ನೂ ಜೋಡಿಯಾಗಿ ಕೇಂದ್ರ, ಪ್ರಾಂತ ಎರಡರ ಕೈಗೂ ಕೊಟ್ಟಿತು. ನೆಲ ಉಳಲು ಜನ ಬೇಕಾಗಿದ್ದ ಕಾಲ, ನೋಡಿ. ಬೇಸಾಯದ ಪಕ್ಕದಲ್ಲೇ ವಲಸೆ ಕೂತಿತು. ಕ್ವಿಬೆಕ್ ಪ್ರಾಂತ 1991ರ ಒಪ್ಪಂದದಿಂದ ತನ್ನ ವಲಸೆಗಾರರನ್ನು ತಾನೇ ಆರಿಸಿಕೊಳ್ಳುತ್ತದೆ. ಮ್ಯಾನಿಟೋಬಾ ಪ್ರಾಂತದ ಕಥೆ ಗಿರಣಿಯವರಾದ ನಮಗೆ ಹತ್ತಿರದ್ದು. ಅದರ ರಾಜಧಾನಿ ವಿನ್ನಿಪೆಗ್‌ನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದವು, ಹೊಲಿಗೆ ಯಂತ್ರ ನಡೆಸುವ ಕೈಗಳಿಗೆ ಬರ ಬಂದಿತ್ತು. 1990ರ ದಶಕದ ನಡುವೆ ಪ್ರಾಂತ ಸರಕಾರ ಕೇಂದ್ರದೊಡನೆ ಮಾತನಾಡಿ ಅಂಥ ಕೆಲಸಗಾರರನ್ನು ಹೊರದೇಶದಿಂದ ಕರೆಸಿಕೊಂಡಿತು. 1998ರಲ್ಲಿ ಅದೇ ಪ್ರಾಂತದಲ್ಲಿ ನಾಮನಿರ್ದೇಶನದ ಪದ್ಧತಿ ಪೂರ್ತಿಯಾಗಿ ಶುರುವಾಯಿತು. ಮುಂದೆ ಆ ಉಡುಪಿನ ಉದ್ಯಮವೇ ಸೊರಗಿತು. ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕರೆಯುವವನು ತನ್ನ ಅಗತ್ಯಕ್ಕೆ ಕರೆಯುತ್ತಾನೆ ಎಂಬುದನ್ನು ಮರೆಯಬಾರದು. ಭದ್ರಾ ನಾಲೆಯ ತೂಬು ಎತ್ತುವುದು ಇಳಿಸುವುದು ನಾಲೆಯ ಕೊನೆಯ ರೈತನ ಕೈಯಲ್ಲಿಲ್ಲವಷ್ಟೆ? ಕೆನಡಾ ಸರಕಾರ ಪ್ರಾಂತಗಳ ನಾಮನಿರ್ದೇಶನದಿಂದ 2024ರಲ್ಲಿ 1,10,000 ಜನರನ್ನು ಸೇರಿಸಿಕೊಳ್ಳುವ ಗುರಿಯಿಟ್ಟಿತ್ತು. 2025ಕ್ಕೆ ಅದನ್ನು 55,000ಕ್ಕೆ ಇಳಿಸಿತು. 2026ಕ್ಕೆ ಮತ್ತೆ 91,500 ಎಂದಿತು. ನಡುವಿನ ವರ್ಷದಲ್ಲಿ ಸಾಲ ಮಾಡಿ ಪರೀಕ್ಷೆ ಕಟ್ಟಿ ಕೂತವನ ಗತಿ ಏನಾಗಿರಬೇಕು, ಯೋಚಿಸಿ.

ಈಗ ಆಸ್ಟ್ರೇಲಿಯಾದ ಲೆಕ್ಕವನ್ನು ಬಿಡಿಸೋಣ. ಮೇಷ್ಟರ ಚಟ, ಕ್ಷಮಿಸಬೇಕು. ಲೆಕ್ಕ ಬಿಡಿಸದೆ ನಮಗೆ ಮಾತು ಮುಗಿಯುವುದಿಲ್ಲ.

ಅಲ್ಲಿ ಎರಡು ಬಗೆಯ ವೀಸಾಗಳಿಗೆ ರಾಜ್ಯದ ನಾಮನಿರ್ದೇಶನವುಂಟು. 190 ಎಂಬುದು ಮೊದಲಿನಿಂದಲೇ ಕಾಯಂ ವಾಸದ್ದು. 491 ಎಂಬುದು 2019ರ ನವೆಂಬರಿನಲ್ಲಿ ಬಂದದ್ದು, ಐದು ವರ್ಷದ ತಾತ್ಕಾಲಿಕ ವೀಸಾ. ಎರಡಕ್ಕೂ 45 ವರ್ಷದೊಳಗಿರಬೇಕು, ಕನಿಷ್ಠ 65 ಅಂಕ ಬೇಕು. ರಾಜ್ಯ ನಾಮನಿರ್ದೇಶನ ಮಾಡಿದರೆ 190ಕ್ಕೆ 5 ಅಂಕ, 491ಕ್ಕೆ 15 ಅಂಕ ಸೇರುತ್ತದೆ.

ನಮ್ಮ ಹರಿಹರದ ಒಬ್ಬ ಟರ್ನರ್ ಎಂದಿಟ್ಟುಕೊಳ್ಳಿ. ವಯಸ್ಸು 34. ವಯಸ್ಸಿಗೆ 25 ಅಂಕ. ಅವನ ಕಸುಬಿನ ಸರ್ಟಿಫಿಕೇಟನ್ನು ಅಲ್ಲಿಯವರು ಒಪ್ಪಿದರೆ 10. ಇಂಗ್ಲಿಷ್ ಪರೀಕ್ಷೆಯಲ್ಲಿ ಕನಿಷ್ಠ ಮಟ್ಟ, ಅಂದರೆ ಐಇಎಲ್‌ಟಿಎಸ್‌ನ ನಾಲ್ಕು ವಿಭಾಗದಲ್ಲೂ 6 ಬಂದರೆ ಬಾಗಿಲ ಹತ್ತಿರ ನಿಲ್ಲಬಹುದು, ಅಂಕ ಮಾತ್ರ ಸೊನ್ನೆ. ಮದುವೆಯಾಗಿದೆ, ಹೆಂಡತಿಗೆ ಇಂಗ್ಲಿಷ್ ಬರದು, ಅಲ್ಲಿಯೂ ಸೊನ್ನೆ. ಇನ್ನು ಅನುಭವ. ಕಳೆದ ಹತ್ತು ವರ್ಷದಲ್ಲಿ ಎಂಟು ವರ್ಷ ಈ ಕಸುಬಿನಲ್ಲಿ ಸಂಬಳಕ್ಕೆ ದುಡಿದದ್ದು ರುಜುವಾತಾದರೆ 15. ಒಟ್ಟು 50. ಇದಕ್ಕೆ 190ರ 5 ಸೇರಿದರೆ 55, ಸಾಲದು. 491ರ 15 ಸೇರಿದರೆ 65. ಹೊಸ್ತಿಲು ಮುಟ್ಟಿತು. ಮುಟ್ಟಿತು ಅಷ್ಟೇ, 65 ಬಂದವರನ್ನೆಲ್ಲ ಕರೆಯುತ್ತಾರೆಂದಲ್ಲ, ಸಾಲಿನಲ್ಲಿ ನಿಲ್ಲಲು ಬಿಡುತ್ತಾರೆ.

ಅವನು ಹದಿನೈದು ವರ್ಷ ಲೇತಿನ ಮುಂದೆ ನಿಂತವನು. ಎಂಟು ವರ್ಷದ ಲೆಕ್ಕ ಅವನಿಗೆ ದೊಡ್ಡದೇ? ದೊಡ್ಡದು. ಏಕೆಂದರೆ ಅಲ್ಲಿಯವರು ಕೇಳುವುದು ಕೈಯನ್ನಲ್ಲ, ಮೊದಲು ಕಾಗದವನ್ನು. ನೇಮಕಾತಿ ಪತ್ರ ಎಲ್ಲಿ, ಪಗಾರ ಚೀಟಿ ಎಲ್ಲಿ, ಪಿಎಫ್ ಕಟ್ಟಿದ ದಾಖಲೆ ಎಲ್ಲಿ, ಸಂಬಳ ಬ್ಯಾಂಕಿಗೆ ಬಿದ್ದದ್ದು ಎಲ್ಲಿ? ಕಸುಬುಗಳ ಪರೀಕ್ಷೆ ಮಾಡುವ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಎಂಬ ಸರಕಾರಿ ಸಂಸ್ಥೆಗೆ ಈ ಕಾಗದಗಳು ಒಪ್ಪಿಗೆಯಾದ ಮೇಲೇ ಕೈಯ ಪರೀಕ್ಷೆ. ನಮ್ಮ ಟರ್ನರ್‌ಗೆ ಎಂಟರಲ್ಲಿ ಐದು ವರ್ಷಕ್ಕೆ ಮಾತ್ರ ಕಾಗದ ಸಿಕ್ಕಿತೆನ್ನಿ. ಅನುಭವದ ಅಂಕ 15ರಿಂದ 10ಕ್ಕೆ ಇಳಿಯಿತು. ಒಟ್ಟು 60. ಬಾಗಿಲು ಮುಚ್ಚಿತು. ಮೂರು ವರ್ಷ ಮಾಲೀಕ ಕೈಗೆ ನಗದು ಕೊಟ್ಟು ಚೀಟಿ ಕೊಡದೆ ಉಳಿಸಿದ ಒಂದು ಹಾಳೆ ಕಾಗದ, ಒಂದು ಕುಟುಂಬದ ದಾರಿಯನ್ನೇ ಕಡಿಯಿತು.

ಮಿತ್ರರೇ, ನಾವು ಮೂವತ್ತು ಸಭೆಗಳಲ್ಲಿ ಪಗಾರ ಚೀಟಿ ಕೇಳಿ ಎಂದರೆ ಹುಡುಗರು ನಕ್ಕದ್ದುಂಟು. "ಚೀಟಿ ಇಟ್ಟುಕೊಂಡು ಅನ್ನ ಬೇಯಿಸಲಾದೀತೇ ಮೇಷ್ಟ್ರೇ?" ಎಂದು ಕೇಳಿದ್ದರು. ಈಗ ಅದೇ ಹುಡುಗರು ಹಳೆಯ ಮಾಲೀಕನ ಮನೆಬಾಗಿಲಲ್ಲಿ ಅನುಭವದ ಪತ್ರಕ್ಕೆ ನಿಂತಿದ್ದಾರೆ. ಪಿಎಫ್ ಕಾನೂನು 1952ರಿಂದ ಇದೆ. 20 ಜನ ಇದ್ದರೆ ಕಟ್ಟಲೇಬೇಕು. ಆದ್ದರಿಂದ ಎಷ್ಟೋ ಶೆಡ್ಡುಗಳಲ್ಲಿ ಹಾಜರಿ ಪುಸ್ತಕದ ಹೆಸರು 19ಕ್ಕೆ ನಿಲ್ಲುತ್ತದೆ, ಇಪ್ಪತ್ತನೆಯವನು ಯಾವಾಗಲೂ "ನಮ್ಮ ಅಕ್ಕನ ಮಗ, ಸುಮ್ಮನೆ ಬಂದಿದ್ದಾನೆ." 2025ರ ನವೆಂಬರ್ 21ರಿಂದ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳನ್ನು ನಾವು ವಿರೋಧಿಸುತ್ತೇವೆ, ಸರಕಾರದ ಅಪ್ಪಣೆಯಿಲ್ಲದೆ ಕಾರ್ಖಾನೆ ಮುಚ್ಚಲು ಇದ್ದ ಮಿತಿಯನ್ನು 100 ಜನದಿಂದ 300ಕ್ಕೆ ಏರಿಸಿದ್ದು ಅವೇ. ಆದರೆ ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕೆಂಬ ಮಾತೂ ಅವುಗಳಲ್ಲೇ ಇದೆ. ವಿರೋಧವನ್ನು ಬೀದಿಯಲ್ಲಿ ಮಾಡೋಣ, ಪತ್ರವನ್ನು ಇವತ್ತೇ ಕೇಳೋಣ.

ಸಣ್ಣ ಶೆಡ್ಡಿನ ಮಾಲೀಕರೂ ಇಲ್ಲಿ ಕೂತಿದ್ದೀರಿ. ನಿಮ್ಮನ್ನು ದೊಡ್ಡ ಬಂಡವಾಳಗಾರರ ಸಾಲಿಗೆ ನಾವು ಸೇರಿಸುವುದಿಲ್ಲ. ನೀವೂ ಕರೆಂಟ್ ಬಿಲ್ಲಿಗೆ ಬಡ್ಡಿ ತರುವವರೇ. ಆದರೆ ಸಂಬಳವನ್ನು ಬ್ಯಾಂಕಿಗೆ ಹಾಕಿ ತಿಂಗಳಿಗೊಂದು ಚೀಟಿ ಬರೆಯುವುದಕ್ಕೆ ನಿಮಗೆ ಹೆಚ್ಚು ಖರ್ಚಿಲ್ಲ. ನಾಳೆ ನಿಮ್ಮ ಮಗನೇ ಬೇರೆ ಕಡೆ ದುಡಿಯುವವನಾಗಬಹುದು.

ಏಜೆಂಟರು ಇದಕ್ಕೊಂದು ಉಪಾಯ ಹೇಳುತ್ತಾರೆ: ಕಾಗದ ಇಲ್ಲದಿದ್ದರೆ ನಾವು ಮಾಡಿಸಿಕೊಡುತ್ತೇವೆ. ಕೇಳಿಸಿಕೊಳ್ಳಿ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಆಸ್ಟ್ರೇಲಿಯಾದ ಬಾಗಿಲು ಮೂರು ವರ್ಷ ಮುಚ್ಚುತ್ತದೆ. ಮುಚ್ಚುವುದು ಅರ್ಜಿದಾರನಿಗೆ, ಏಜೆಂಟನ ಬೋರ್ಡು ಅಲ್ಲೇ ಇರುತ್ತದೆ.

ಕಾನೂನು ಅವನನ್ನು ಹಿಡಿಯುವುದಿಲ್ಲವೇ ಎಂದು ಕೇಳಬಹುದು. 1983ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನ ಸೇರಿಸುವ ಏಜೆಂಟ್ ನೋಂದಣಿ ಮಾಡಿಸಿಕೊಂಡಿರಬೇಕು, ಕಾರ್ಮಿಕನಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೊಲ್ಲಿ ದೇಶಗಳಿಗೆ ಹೋಗುವ, ಹತ್ತನೆಯ ತರಗತಿ ಪಾಸಾಗದವರ ಕಾಗದವನ್ನು ಸರಕಾರದ ವಲಸೆ ರಕ್ಷಣಾಧಿಕಾರಿ ನೋಡುತ್ತಾನೆ. ಆಸ್ಟ್ರೇಲಿಯಾ, ಕೆನಡಾ ಆ ದೇಶಗಳ ಪಟ್ಟಿಯಲ್ಲಿ ಇಲ್ಲ. ನಮ್ಮ ಏಜೆಂಟ್ ಮಹಾಶಯ ನಾನು ಕೆಲಸ ಕೊಡಿಸುವವನಲ್ಲ, ಬರೀ ಸಲಹೆಗಾರ ಎನ್ನುತ್ತಾನೆ. ಆಸ್ಟ್ರೇಲಿಯಾದೊಳಗೆ ಇಂಥ ಸಲಹೆ ಮಾರುವವರು ನೋಂದಾಯಿಸಿಕೊಂಡಿರಲೇಬೇಕು, ಪಿ.ಬಿ. ರಸ್ತೆಯಲ್ಲಿ ಬೋರ್ಡು ತೂಗುಹಾಕಿದವನಿಗೆ ಆ ಕಾನೂನು ತಾಗುವುದಿಲ್ಲ. ಕೆನಡಾ ಸ್ವಲ್ಪ ಬಿಗಿ. ದುಡ್ಡು ಪಡೆದು ಅರ್ಜಿದಾರನ ಪ್ರತಿನಿಧಿಯಾಗುವವನು ಅಲ್ಲಿನ ವಕೀಲನೋ ಪರವಾನಗಿ ಪಡೆದ ಸಲಹೆಗಾರನೋ ಆಗಿರಬೇಕು, ಅವರ ಹೆಸರುಗಳ ಪಟ್ಟಿ ಯಾರು ಬೇಕಾದರೂ ನೋಡುವಂತಿದೆ. ಹೆಸರು ಕೇಳಿ, ಪಟ್ಟಿಯಲ್ಲಿ ಹುಡುಕಿ, ಆಮೇಲೆ ಕುರ್ಚಿಯ ಮೇಲೆ ಕೂತುಕೊಳ್ಳಿ.

ಖರ್ಚೇ ಇಲ್ಲವೆಂದು ನಾವು ಹೇಳುತ್ತಿಲ್ಲ. 491ರ ವೀಸಾ ಅರ್ಜಿಗೇ ನಾಲ್ಕು ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ ಬೇಕು. ಪರೀಕ್ಷೆಗಳ ಶುಲ್ಕ ಬೇರೆ. ಕೆಲವು ಪ್ರಾಂತಗಳು ನಾಮನಿರ್ದೇಶನದ ಅರ್ಜಿಗೂ ಶುಲ್ಕ ತೆಗೆದುಕೊಳ್ಳುತ್ತವೆ. ಆದರೆ ಇದೆಲ್ಲ ಸರಕಾರಕ್ಕೆ, ಪರೀಕ್ಷೆ ನಡೆಸುವವರಿಗೆ ಹೋಗುವ ದುಡ್ಡು, ರಸೀದಿ ಬರುವ ದುಡ್ಡು. ನಾಮನಿರ್ದೇಶನವನ್ನೇ ಕೊಡಿಸುತ್ತೇನೆ ಎಂದು ಕೇಳಿದ ದುಡ್ಡಿಗೆ ರಸೀದಿ ಕೇಳಿ ನೋಡಿ, ಮುಖ ಹೇಗಾಗುತ್ತದೆಂದು.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. 491ರಲ್ಲಿ ಹೋದವನು ಗೊತ್ತುಮಾಡಿದ ಸೀಮೆಯಲ್ಲೇ ವಾಸಿಸಬೇಕು, ಅಲ್ಲೇ ದುಡಿಯಬೇಕು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಆ ಸೀಮೆಯ ಹೊರಗೆ. ಮೂರು ವರ್ಷ ಹಾಗಿದ್ದು, ತೆರಿಗೆ ಕಚೇರಿಯ ಕಾಗದದಿಂದ ಆದಾಯ ತೋರಿಸಿದ ಮೇಲೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ. ಆ ಮೂರು ವರ್ಷ ಮಾಲೀಕ ಗದರಿಸಿದರೆ ಬೇರೆ ಕಡೆ ಕೆಲಸ ಹಿಡಿಯಬಹುದು, ಆದರೆ ಸೀಮೆ ದಾಟುವಂತಿಲ್ಲ. ಜೀತವೆನ್ನಲಾಗದು, ಅಲ್ಲಿನ ಕಾರ್ಮಿಕನಿಗೆ ಇರುವ ಕಾನೂನಿನ ರಕ್ಷಣೆ ಇವನಿಗೂ ಇದೆ. ಆದರೂ ಹಗ್ಗವೊಂದು ಕಾಲಿಗಿದೆ, ಎಷ್ಟು ಉದ್ದದ್ದೆಂದು ಅಳೆದುಕೊಂಡು ಹೋಗಬೇಕು. ಹೋದ ಕೂಡಲೇ ಅಲ್ಲಿನ ಕಾರ್ಮಿಕ ಸಂಘಕ್ಕೆ ಸೇರಬೇಕು.

ನಮ್ಮ ರಾಜ್ಯ ಸರಕಾರಕ್ಕೆ ವೀಸಾದ ಅಧಿಕಾರವಿಲ್ಲ ಎಂದೆವು. ಕೆಲಸವಿಲ್ಲ ಎಂದಲ್ಲ. ಕೌಶಲ್ಯ ಅಭಿವೃದ್ಧಿ ನಿಗಮದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದನ್ನು ತೆರೆದಿದ್ದಾರೆ, ಅದು ಬೆಂಗಳೂರಿನಲ್ಲಿ. ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರದಲ್ಲಿ ವಾರಕ್ಕೆ ಒಂದು ದಿನವಾದರೂ ಕೂತು ಕಾಗದ ನೋಡಿ ಹೇಳುವ ಒಬ್ಬ ನೌಕರನನ್ನು ಕೇಳುವುದು ತಪ್ಪೇ? ಮುಚ್ಚಿದ ಕಾರ್ಖಾನೆಗಳ ಸೇವಾ ದಾಖಲೆಗಳನ್ನು ಕಾರ್ಮಿಕ ಇಲಾಖೆ ಕಾಪಾಡಿ, ಕೇಳಿದವನಿಗೆ ನಕಲು ಕೊಡಬೇಕು. ಮತ್ತೊಂದು. ಅಲ್ಲಿನ ಪ್ರಾಂತ ತನಗೆ ಎಷ್ಟು ಫಿಟ್ಟರ್ ಬೇಕು, ಎಷ್ಟು ವೆಲ್ಡರ್ ಬೇಕು ಎಂದು ಪಟ್ಟಿ ಹಿಡಿದು ಕೂತಿದೆ. ಈ ಜಿಲ್ಲೆಯಲ್ಲಿ ಎಷ್ಟು ಜನ ಕಸುಬುದಾರರು ಕೆಲಸವಿಲ್ಲದೆ ಇದ್ದಾರೆ ಎಂಬ ಪಟ್ಟಿಯನ್ನು ನಮ್ಮ ಮಂತ್ರಿಗಳು ಒಮ್ಮೆ ಮೇಜಿನ ಮೇಲಿಟ್ಟು ತೋರಿಸಲಿ. ಮನವಿ ಬರೆದಿದ್ದೇವೆ, ಸಭೆ ಮುಗಿದ ಮೇಲೆ ಸಹಿ ಹಾಕಿ.

ಚೀಟಿ ಕಳಿಸಿ ಒಬ್ಬರು ಕೇಳಿದ್ದಾರೆ: "ವಯಸ್ಸು 46, ವೆಲ್ಡಿಂಗ್ ಕೆಲಸ, ಏಜೆಂಟ್ ಆಗುತ್ತದೆ ಅನ್ನುತ್ತಾನೆ." ಈ ಎರಡು ವೀಸಾಗಳಿಗೆ ಆಗುವುದಿಲ್ಲ ಅಣ್ಣಾ. ಮುಂಗಡ ಕೊಟ್ಟಿದ್ದರೆ ನಾಳೆ ಬೆಳಿಗ್ಗೆಯೇ ನಮ್ಮನ್ನು ಕಾಣಿ, ಜೊತೆಗೇ ಹೋಗಿ ಕೇಳೋಣ.

ಉಳಿದವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಕ್ಷದ ಕಚೇರಿಗೆ ಬನ್ನಿ. ಪಿಎಫ್ ನಂಬರು, ಬ್ಯಾಂಕಿನ ಪಾಸ್‌ಬುಕ್ಕು, ಐಟಿಐ ಸರ್ಟಿಫಿಕೇಟು, ಸಿಕ್ಕಷ್ಟು ಪಗಾರ ಚೀಟಿ ತನ್ನಿ. ಏಜೆಂಟ್ ಏನಾದರೂ ಬರೆದುಕೊಟ್ಟಿದ್ದರೆ ಅದನ್ನೂ ತನ್ನಿ, ಬರೆದುಕೊಟ್ಟಿಲ್ಲವಾದರೆ ಅವನಿಗೆ ಎಷ್ಟು ಕೊಟ್ಟಿರಿ, ಯಾವ ದಿನ, ಯಾರೆದುರಿಗೆ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಜಾಮೀನು ಹಾಕಿದ ಅಂಗಡಿಯವರೂ ಬರಬಹುದು. ಶುಲ್ಕವಿಲ್ಲ.